ಅಲ್ಪವ್ಯಯ ಗೃಹದತ್ತಾಂಶ ಸಂರಕ್ಷಣೆ: ಒಂದು ತಾತ್ವಿಕ ವಿವೇಚನೆ

ಮನೆಯ ಸರ್ವರ್, ಶಾಸ್ತ್ರೀಯವಾಗಿ ಹೇಳುವುದಾದರೆ ಗೃಹಾಂತರ್ಗತ ದತ್ತಾಂಶ ಸಂಚಯನ ಘಟಕವು, ಟಿವಿ ಸ್ಟ್ಯಾಂಡಿನ ಹಿಂದೆ, ರೂಟರಿನ ಮಗ್ಗುಲಲ್ಲಿ, ಧೂಳಿನ ನಿರಂತರ ಸಾನ್ನಿಧ್ಯದಲ್ಲಿ ನೆಲೆಗೊಂಡ ಒಂದು ವಿದ್ಯಮಾನ. ರೂಪದೃಷ್ಟಿಯಿಂದ ಇದು ತ್ರಿವಿಧ: ಮಕ್ಕಳು ಬೇಡವೆಂದ ಹಳೆಯ ಡೆಸ್ಕ್‌ಟಾಪಿಗೆ ಲಿನಕ್ಸ್ ಹಾಕಿದ್ದು, ರಾಸ್‌ಬೆರಿ ಪೈಗೆ ಯುಎಸ್‌ಬಿ ಡಿಸ್ಕ್ ನೇತುಹಾಕಿದ್ದು, ಅಂಗಡಿಯಿಂದ ಸಿದ್ಧವಾಗಿ ಬಂದ ಎರಡು ಡಿಸ್ಕಿನ ಪೆಟ್ಟಿಗೆ. ವಸ್ತುದೃಷ್ಟಿಯಿಂದ ಇದರಲ್ಲಿ ಮದುವೆಯ ವಿಡಿಯೊ, ಮಗಳ ಶಾಲೆಯ ನಾಟಕ, ಸೈಟಿನ ಕ್ರಯಪತ್ರದ ಸ್ಕ್ಯಾನ್, ತೀರಿಕೊಂಡ ಅಜ್ಜಿಯ ದನಿ ಇರುವ ಒಂದು ವಾಟ್ಸ್‌ಆ್ಯಪ್ ತುಣುಕು ಮತ್ತು ಯಾರೂ ಇನ್ನೊಮ್ಮೆ ನೋಡದ ನೂರಾರು ಸಿನಿಮಾಗಳು ಅಂತರ್ಗತವಾಗಿರುತ್ತವೆ.

ಪ್ರಸ್ತುತ ವಿವೇಚನೆಯ ವ್ಯಾಪ್ತಿ ಮನೆ, ಮಿತಿ ದುಡ್ಡು. ಅಧ್ಯಯನ ವಿಧಾನವು ಬಹುಶಿಸ್ತೀಯ, ಅಂತರ್‌ಶಿಸ್ತೀಯ ಮತ್ತು ಡಿಸ್ಕ್ ಕಟಕಟ ಎನ್ನತೊಡಗಿದ ರಾತ್ರಿಗಳಲ್ಲಿ ಶಿಸ್ತುರಹಿತ. ಪೂರ್ವಸೂರಿಗಳ ಸಮೀಕ್ಷೆಯಿಲ್ಲದೆ ಪ್ರಬಂಧಕ್ಕೆ ಮಾನ್ಯತೆ ಸಿಗದಾದ್ದರಿಂದ ಅದೂ ಆಗಲಿ: 1956ರಲ್ಲಿ ಐಬಿಎಂ ಕಂಪನಿ ಹೊರತಂದ ರಾಮ್ಯಾಕ್ ಯಂತ್ರದ ಡಿಸ್ಕ್ ಘಟಕ ಐವತ್ತು ತಟ್ಟೆಗಳದ್ದು, ಟನ್ನಿಗೆ ಸಮೀಪದ ತೂಕದ್ದು, ಹಿಡಿಸುತ್ತಿದ್ದುದು ಸುಮಾರು 5 ಎಂಬಿ. ಇಂದಿನ ಫೋನಿನಲ್ಲಿ ತೆಗೆದ ಹೋಳಿಗೆಯ ಒಂದು ಫೋಟೊ ಅದರಲ್ಲಿ ಹಿಡಿಸಿದರೆ ಪುಣ್ಯ. ಈ ಮಾಹಿತಿಯಿಂದ ಯಾವ ಪ್ರಮೇಯವೂ ಸಿದ್ಧವಾಗುವುದಿಲ್ಲ. ಸಮೀಕ್ಷೆಗಳ ಲಕ್ಷಣವೇ ಅದು.

ದತ್ತಾಂಶನಾಶ ಮೀಮಾಂಸೆಯ ಪ್ರಕಾರ ನಾಶವು ನವವಿಧ. ಮೊದಲನೆಯದು ಯಾಂತ್ರಿಕ. ಡಿಸ್ಕಿನ ತಟ್ಟೆ ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುತ್ತದೆ. ಓದುವ ಹೆಡ್ಡು ಅದರ ಮೇಲೆ ಕೆಲವೇ ನ್ಯಾನೊಮೀಟರ್ ಅಂತರದಲ್ಲಿ ತೇಲುತ್ತಿರುತ್ತದೆ. ಸವೆತದ ಸುಳಿವನ್ನು ಡಿಸ್ಕೇ ಬರೆದಿಡುತ್ತದೆ. ಸ್ಮಾರ್ಟ್ ಎಂಬ ಅದರ ವರದಿಯಲ್ಲಿ 5 ಎಂಬ ಸಂಖ್ಯೆಯ ಎದುರು ಕೆಟ್ಟು ಬದಲಿ ಜಾಗ ಪಡೆದ ಸೆಕ್ಟರುಗಳ ಲೆಕ್ಕ, 197ರ ಎದುರು ಅನುಮಾನಾಸ್ಪದ ಸೆಕ್ಟರುಗಳ ಲೆಕ್ಕ ಇರುತ್ತದೆ. ಎರಡೂ ಸೊನ್ನೆಯಾಗಿದ್ದರೆ ಚೆಂದ; ಏರತೊಡಗಿದರೆ ಸಂಬಳದ ದಿನಕ್ಕೆ ಕಾಯಬಾರದು. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಬಳಸಿದ ಡಿಸ್ಕ್ ಕೊಳ್ಳುವವರು ಅಂಗಡಿಯಲ್ಲೇ ಈ ವರದಿ ತೆಗೆಸಿ ನೋಡುವುದು ಒಳ್ಳೆಯದು. ಓಡಿದ ಗಂಟೆಗಳ ಅಂಕಿಯನ್ನು ಸೊನ್ನೆಗಿಳಿಸಿ ಮಾರುವ ವಿದ್ಯೆಯೂ ಲೋಕದಲ್ಲಿ ಉಂಟು.

ಎರಡನೆಯದು ವೈದ್ಯುತ. ಬರೆಯುತ್ತಿರುವಾಗಲೇ ಕರೆಂಟು ಹೋದರೆ ಡಿಸ್ಕಿಗಿಂತ ಹೆಚ್ಚಾಗಿ ಪೆಟ್ಟು ತಿನ್ನುವುದು ಅದರ ಮೇಲಿನ ಫೈಲ್ ಸಿಸ್ಟಮ್. ಇನ್ವರ್ಟರ್ ಇದೆಯಲ್ಲ ಎಂಬ ಧೈರ್ಯ ಅರ್ಧ ಧೈರ್ಯ: ಅದರ ಬೆನ್ನಿನ ಸ್ವಿಚ್ಚು ಯುಪಿಎಸ್ ಕಡೆ ಇಲ್ಲದಿದ್ದರೆ, ಫ್ಯಾನಿಗೆ ಗೊತ್ತೇ ಆಗದ ಒಂದು ಕ್ಷಣದಲ್ಲಿ ಕಂಪ್ಯೂಟರ್ ಸತ್ತು ಹುಟ್ಟಿರುತ್ತದೆ. ಆ ಸ್ವಿಚ್ಚನ್ನು ಆ ಕಡೆ ತಳ್ಳುವುದಕ್ಕೆ ಕಾಸಿನ ಖರ್ಚಿಲ್ಲ. ಮಲೆನಾಡಿನಲ್ಲಿ ಮುಂಗಾರಿಗೆ ಮೊದಲಿನ ಸಿಡಿಲಿಗಂತೂ ಸರ್ವರಿನ ಪ್ಲಗ್ಗನ್ನೂ ರೂಟರಿಗೆ ಬರುವ ತಂತಿಯನ್ನೂ ಕಿತ್ತಿಡುವುದಕ್ಕಿಂತ ಅಗ್ಗದ, ಖಚಿತವಾದ ಸಾಧನ ಇನ್ನೂ ಬಂದಿಲ್ಲ.

ಮೂರನೆಯದು ಮಾನುಷ: ಜಾಗ ಸಾಲದೆಂದು ನಕಲು ಫೈಲುಗಳನ್ನು ಅಳಿಸಲು ಕೂತು ಅಸಲನ್ನೇ ಅಳಿಸುವುದು. ನಾಲ್ಕನೆಯದು ದುರ್ಮಾನುಷ. 2022ರ ಜನವರಿಯಲ್ಲಿ ಡೆಡ್‌ಬೋಲ್ಟ್ ಎಂಬ ಸುಲಿಗೆ ತಂತ್ರಾಂಶ, ಮನೆ ಮತ್ತು ಸಣ್ಣ ಕಚೇರಿಗಳ ಸಂಗ್ರಹ ಪೆಟ್ಟಿಗೆಗಳಲ್ಲಿ ಇಂಟರ್ನೆಟ್ಟಿಗೆ ನೇರ ತೆರೆದಿದ್ದವನ್ನು ಹುಡುಕಿ, ಫೈಲುಗಳಿಗೆ ಬೀಗ ಜಡಿದು, ಬಿಡಿಸಲು 0.03 ಬಿಟ್‌ಕಾಯಿನ್ ಕೇಳಿತು. ಪ್ರವಾಸದಲ್ಲಿದ್ದಾಗಲೂ ಮನೆಯ ಫೋಟೊ ಕಾಣಲಿ ಎಂದು ರೂಟರಿನಲ್ಲಿ ಪೋರ್ಟ್ ತೆರೆದಿಡುವುದು ಇಂಥವಕ್ಕೆ ಬಾಗಿಲು ತೆರೆದಂತೆ. ನೋಡಲೇಬೇಕೆಂದರೆ ವೈರ್‌ಗಾರ್ಡ್‌ನಂಥ ಬಿಟ್ಟಿ ವಿಪಿಎನ್ ಇದೆ. ಐದನೆಯದು ಜೈವಿಕ: ಹಲ್ಲಿ ಮತ್ತು ಇರುವೆ. ಆರರಿಂದ ಒಂಬತ್ತರವರೆಗಿನವನ್ನು ಸಂಖ್ಯೆ ಒಂಬತ್ತಾಗಲೆಂದು ಸೇರಿಸಲಾಗಿತ್ತು; ಈಗ ಕೈಬಿಡಲಾಗಿದೆ.

ನಾಶದ ಬಗೆಗಳು ಮುಗಿದವು; ಮುಂದಿನದು ಅದರ ತಡೆಗೆಂದು ಮಾರುವ ರೇಯ್ಡ್, ಅಂದರೆ ಹಲವು ಡಿಸ್ಕುಗಳ ಕೂಟ. 1988ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್, ರ‍್ಯಾಂಡಿ ಕಾಟ್ಜ್ ಎಂಬ ಮೂವರು, ದುಬಾರಿಯ ಒಂದು ದೊಡ್ಡ ಡಿಸ್ಕಿನ ಬದಲು ಅಗ್ಗದ ಹಲವು ಡಿಸ್ಕುಗಳನ್ನು ಕೂಡಿಸಿ ಬಳಸಬಹುದೆಂದು ಪ್ರಬಂಧ ಬರೆದರು. ಓದಿದರೆ ಅರ್ಥವಾಗುತ್ತದೆ ಎಂಬ ದೋಷವೊಂದನ್ನು ಬಿಟ್ಟರೆ ಅದು ಒಳ್ಳೆಯ ಪ್ರಬಂಧ. ರೇಯ್ಡಿನ ಒಂದು ಬಗೆಯ ಒಳಗುಟ್ಟು ಇಷ್ಟೇ: ಒಂದು ಡಿಸ್ಕಿನಲ್ಲಿ 1011, ಇನ್ನೊಂದರಲ್ಲಿ 0110 ಇದೆ. ಒಂದರ ಕೆಳಗೊಂದು ಬರೆದು, ಮೇಲಿನ ಕೆಳಗಿನ ಅಂಕಿ ಒಂದೇ ಆದರೆ 0, ಬೇರೆಯಾದರೆ 1 ಎಂದು ಮೂರನೆಯ ಡಿಸ್ಕಿನಲ್ಲಿ ಬರೆಯುವುದು: 1101. ಎರಡನೆಯ ಡಿಸ್ಕ್ ಸತ್ತಿತು ಎನ್ನೋಣ. ಉಳಿದ 1011 ಮತ್ತು 1101ಕ್ಕೆ ಅದೇ ಲೆಕ್ಕ ಹಾಕಿದರೆ 0110 ಎದ್ದು ಬರುತ್ತದೆ. ಮೂರನೆಯ ಕ್ಲಾಸಿನ ಮಗು ಪಾಟಿಯ ಮೇಲೆ ಮಾಡಬಹುದಾದ ಈ ಲೆಕ್ಕಕ್ಕೆ ಮಾರಾಟದ ಕರಪತ್ರಗಳು ‘ಉದ್ಯಮಶ್ರೇಣಿಯ ದತ್ತಾಂಶ ಸ್ಥಿತಿಸ್ಥಾಪಕತ್ವ’ ಎಂಬ ಪೇಟ ತೊಡಿಸಿ ನಾಲ್ಕು ಡಿಸ್ಕಿನ ಪೆಟ್ಟಿಗೆ ಮಾರುತ್ತವೆ.

ಕರಪತ್ರದಲ್ಲಿ ಬರೆಯದ ಸಂಗತಿ ಬೇರೆ ಇದೆ. ಮದುವೆಯ ಫೋಲ್ಡರನ್ನು ಅಳಿಸಿದರೆ ರೇಯ್ಡ್ ಆ ಅಳಿಸಿದ್ದನ್ನೂ ಅಷ್ಟೇ ನಿಷ್ಠೆಯಿಂದ ಎಲ್ಲ ಡಿಸ್ಕುಗಳಿಗೆ ಬರೆಯುತ್ತದೆ. ಸುಲಿಗೆ ವೈರಸ್ಸಿಗೆ, ಸಿಡಿಲಿಗೆ, ಕಳ್ಳನಿಗೆ ಅದು ಅಡ್ಡ ಬರುವುದಿಲ್ಲ. ಡಿಸ್ಕ್ ಕೆಟ್ಟ ದಿನವೂ ಕೌಂಟರ್ ಮುಚ್ಚಬಾರದು ಎನ್ನುವ ಬ್ಯಾಂಕಿಗೆ ರೇಯ್ಡ್ ಬೇಕು. ಮನೆಯಲ್ಲಿ ಎರಡು ದಿನ ಫೋಟೊ ನೋಡದಿದ್ದರೆ ಯಾರ ಕೌಂಟರೂ ಮುಚ್ಚುವುದಿಲ್ಲ. ದುಡ್ಡು ಎರಡೇ ಡಿಸ್ಕಿಗೆ ಸಾಲುವಂತಿದ್ದರೆ ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿ ಜೋಡಿಸುವುದು ದಂಡ. ಒಂದು ಹೊರಗಿರಬೇಕು.

ಇಲ್ಲಿಂದ ಪ್ರತೀಕರಣ ಸಿದ್ಧಾಂತ. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಮನೆಯಾಚೆ ಎಂಬ 3-2-1 ಸೂತ್ರವನ್ನು ಪ್ರಚಾರಕ್ಕೆ ತಂದವರು ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋಗ್. ಇಂಥ ಕಡೆ ‘ಇದೆಲ್ಲ ನಮ್ಮ ಪೂರ್ವಿಕರಿಗೆ ಎಂದೋ ಗೊತ್ತಿತ್ತು’ ಎಂಬ ವಾಕ್ಯ ಬಾರದಿದ್ದರೆ ವಿದ್ವತ್ ಪ್ರಬಂಧ ಅಪೂರ್ಣ. ಅಣಕಿಸುವವರ ದುರದೃಷ್ಟಕ್ಕೆ ಈ ಸಲ ಅದು ನಿಜ.

ಹತ್ತನೆಯ ಶತಮಾನದಲ್ಲಿ ಪೊನ್ನನಿಂದ ಶಾಂತಿಪುರಾಣ ಬರೆಸಿದವರು ಮಲ್ಲಪ, ಪುನ್ನಮಯ್ಯ ಎಂಬ ಅಣ್ಣತಮ್ಮಂದಿರು. ಮಲ್ಲಪನ ಮಗಳು ಅತ್ತಿಮಬ್ಬೆ. ಅಂದರೆ ಆ ಕಾವ್ಯ ಆಕೆಯ ಪಾಲಿಗೆ ಕಟ್ಟುನಿಟ್ಟಾದ ಅರ್ಥದಲ್ಲಿ ಗೃಹದತ್ತಾಂಶ. ಆಕೆ ಅದರ ಸಾವಿರ ಓಲೆಪ್ರತಿ ಮಾಡಿಸಿ ಹಂಚಿದಳು. ಅದೇ ಪೊನ್ನನ ಭುವನೈಕರಾಮಾಭ್ಯುದಯಕ್ಕೆ ಅಂಥ ಮಗಳು ದಕ್ಕಲಿಲ್ಲ. ಶಾಂತಿಪುರಾಣ ಇವತ್ತು ಅಚ್ಚಿನಲ್ಲಿ ಓದಲು ಸಿಗುತ್ತದೆ. ಭುವನೈಕರಾಮಾಭ್ಯುದಯದ ಹೆಸರು ಮಾತ್ರ ಸಾಹಿತ್ಯ ಚರಿತ್ರೆಯಲ್ಲಿ ಸಿಗುತ್ತದೆ. ಒಬ್ಬನೇ ಕವಿ, ಒಂದೇ ಕಾಲ, ಅದೇ ಓಲೆಗರಿ, ಅದೇ ಗೆದ್ದಲು: ಇಷ್ಟು ಚೊಕ್ಕ ಪ್ರಯೋಗವನ್ನು ಯಾವ ಪ್ರಯೋಗಶಾಲೆಯೂ ಏರ್ಪಡಿಸಲಾರದು. ಅತ್ತಿಮಬ್ಬೆ ತಾನೇ ಸಾಕಿದ ರನ್ನನ ಪರಶುರಾಮಚರಿತ, ಚಕ್ರೇಶ್ವರಚರಿತಗಳೂ ಉಳಿಯಲಿಲ್ಲ. ಶಾಂತಿಪುರಾಣದ ವಿಷಯದಲ್ಲಿ ಆಕೆ ದುಡ್ಡು ಸುರಿದದ್ದು ಪ್ರತಿಗೆ. ಇಂದಿನ ಗೃಹಸ್ಥ ಸುರಿಯುವುದು ಪೆಟ್ಟಿಗೆಗೆ.

ಅಲ್ಪವ್ಯಯ ಯೋಜನೆ ಜರಡಿಯಿಂದ ಶುರುವಾಗಬೇಕು. ಸಿನಿಮಾ ಮತ್ತೆ ಸಿಗುತ್ತದೆ. ಅದಕ್ಕೆ ಎರಡನೆಯ ಪ್ರತಿ ಬೇಡ. ಮತ್ತೆ ಸಿಗದ್ದನ್ನಷ್ಟೇ ಒಂದು ಫೋಲ್ಡರಿಗೆ ತಂದು ಅಳೆದರೆ ದೊಡ್ಡ ಡಿಸ್ಕಿನ ಆತಂಕ ಎಷ್ಟೋ ಮನೆಗಳಲ್ಲಿ ಸಣ್ಣ ಡಿಸ್ಕಿಗೆ ಇಳಿಯುತ್ತದೆ. ಎರಡನೆಯ ಪ್ರತಿಗೆ ಮಾಮೂಲಿ ಯುಎಸ್‌ಬಿ ಡಿಸ್ಕ್ ಸಾಕು. ಬ್ಯಾಕಪ್ ಮುಗಿದ ಕೂಡಲೇ ತಂತಿ ಕಿತ್ತು ಬೀರುವಿನಲ್ಲಿಡಬೇಕು. ತಂತಿಯಿಲ್ಲದ ಡಿಸ್ಕನ್ನು ವೈರಸ್ಸೂ ಸಿಡಿಲೂ ಮುಟ್ಟಲಾರವು. ಬರಿಯ ನಕಲು ಸಾಲದು, ಏಕೆಂದರೆ ನಿನ್ನೆ ಕೆಟ್ಟ ಫೈಲು ಇಂದು ಒಳ್ಳೆಯ ಪ್ರತಿಯ ಮೇಲೆ ಬಂದು ಕೂರುತ್ತದೆ. ರೆಸ್ಟಿಕ್, ಬೋರ್ಗ್ ಎಂಬ ಬಿಟ್ಟಿ ತಂತ್ರಾಂಶಗಳು ಹಳೆಯ ಆವೃತ್ತಿಗಳನ್ನೂ ಉಳಿಸಿಕೊಂಡು, ಬದಲಾದ ಭಾಗವನ್ನಷ್ಟೇ ಬರೆದು, ಎಲ್ಲಕ್ಕೂ ಗೂಢಲಿಪಿಯ ಬೀಗ ಹಾಕುತ್ತವೆ. ಮೂರನೆಯ ಪ್ರತಿಗೆ ದಾರಿ ಊರಲ್ಲೇ ಇದೆ: ಹಬ್ಬಕ್ಕೆ ತವರಿಗೆ ಹೊರಟವರ ಚೀಲದಲ್ಲಿ, ಹೋಳಿಗೆ ಡಬ್ಬಿಯ ಪಕ್ಕ, ಬಟ್ಟೆಯಲ್ಲಿ ಸುತ್ತಿದ ಒಂದು ಡಿಸ್ಕ್ ಹೋಗಿ ಹಿಂದಿನ ಹಬ್ಬದ್ದು ವಾಪಸು ಬರಬೇಕು. ಗ್ರಂಥಗಳು ‘ಭೌಗೋಳಿಕ ವಿಕೇಂದ್ರೀಕರಣ’ ಎನ್ನುವ ಈ ಕಾರ್ಯಕ್ಕೆ ಬಸ್ ಚಾರ್ಜಿನ ಖರ್ಚಿತ್ತು. 2023ರ ಜೂನಿನಲ್ಲಿ ಶಕ್ತಿ ಯೋಜನೆ ಬಂದ ಮೇಲೆ, ಹೋಗುವವರು ಹೆಂಗಸರಾಗಿದ್ದು ಬಸ್ಸು ಕೆಂಪು ಬಣ್ಣದ್ದಾಗಿದ್ದರೆ, ಅದೂ ಇಲ್ಲ.

ಮರಳಿ ತೆಗೆದು ನೋಡದ ಬ್ಯಾಕಪ್ ಬ್ಯಾಕಪ್ಪಿನ ವದಂತಿ ಮಾತ್ರ. 1998ರಲ್ಲಿ ಪಿಕ್ಸಾರ್ ಸ್ಟುಡಿಯೊದಲ್ಲಿ ಟಾಯ್ ಸ್ಟೋರಿ 2 ತಯಾರಾಗುತ್ತಿದ್ದಾಗ ತಪ್ಪಿ ಕೊಟ್ಟ ಒಂದು ಅಳಿಸುವ ಆಜ್ಞೆಗೆ ಚಿತ್ರದ ಬಹುಭಾಗ ಸರ್ವರಿನಿಂದ ಮಾಯವಾಯಿತು. ಬ್ಯಾಕಪ್ ವ್ಯವಸ್ಥೆ ಇತ್ತು, ಸರಿಯಾಗಿ ಬರೆಯುತ್ತಿರಲಿಲ್ಲ, ಅದು ಯಾರ ಗಮನಕ್ಕೂ ಬಂದಿರಲಿಲ್ಲ. ಕೊನೆಗೆ ನೆರವಿಗೆ ಬಂದದ್ದು, ಬಾಣಂತನದ ದಿನಗಳಲ್ಲಿ ಮನೆಯಿಂದ ಕೆಲಸ ಮಾಡಲೆಂದು ಚಿತ್ರತಂಡದ ಗೇಲಿನ್ ಸಸ್‌ಮನ್ ತಮ್ಮ ಮನೆಯ ಕಂಪ್ಯೂಟರಿನಲ್ಲಿ ಇಟ್ಟುಕೊಂಡಿದ್ದ ಪ್ರತಿ. ಮೂರು ತಿಂಗಳಿಗೊಮ್ಮೆ ಬೀರುವಿನ ಡಿಸ್ಕಿನಿಂದ ಯಾವುದಾದರೂ ಹಳೆಯ ವರ್ಷದ ಒಂದು ಫೋಟೊ, ಒಂದು ವಿಡಿಯೊ, ಒಂದು ಪತ್ರವನ್ನು ಬೇರೆ ಕಂಪ್ಯೂಟರಿಗೆ ಇಳಿಸಿ ತೆರೆದು ನೋಡಿದರೆ ಪರೀಕ್ಷೆ ಮುಗಿಯಿತು.

ಕನ್ನಡದ ಪತ್ರಗಳಿಗೆ ಈ ಪರೀಕ್ಷೆ ಇನ್ನಷ್ಟು ಕಠಿಣ. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಲ್ಲೇ ಜಾಗ ಸಿಕ್ಕಿದ್ದರೂ ನುಡಿ, ಬರಹ ತಂತ್ರಾಂಶಗಳ ಆಸ್ಕಿ ಫಾಂಟುಗಳಲ್ಲಿ ಬರೆಯುವುದು ಬಹುಕಾಲ ನಡೆಯಿತು. ಅಂಥ ಕಡತದ ಒಂದು ಬಿಟ್ಟೂ ಕೆಡದೆ ಬಂದಿದ್ದರೂ, ಆ ಫಾಂಟಿಲ್ಲದ ಯಂತ್ರದಲ್ಲಿ ತೆರೆದಾಗ ಕಾಣುವುದು ತಲೆಯ ಮೇಲೆ ಸೊಟ್ಟ ಗೆರೆ ಹೊತ್ತ ಇಂಗ್ಲಿಷ್ ಅಕ್ಷರಗಳ ಮೆರವಣಿಗೆ. ಯೂನಿಕೋಡಿಗೆ ಪರಿವರ್ತಿಸಿ, ಹಳೆಯ ಕಡತವನ್ನೂ ಅದರ ಫಾಂಟನ್ನೂ ಜೊತೆಗೇ ಇಡಬೇಕು. ಪರಿವರ್ತನೆಯಲ್ಲಿ ಒತ್ತಕ್ಷರ ತಪ್ಪಿದ್ದರೆ ತಾಳೆ ನೋಡಲು ಬೇಕಾಗುತ್ತದೆ.

ಮುಂದಿನ ವಿಷಯಕ್ಕೆ ಪರಿಭಾಷೆ ಬೇಡ. ಕನ್ನಡ ನಾಡಿನಲ್ಲಿ ಜನಪದ ಹಾಡಿನ ಧ್ವನಿಮುದ್ರಣ ಎಷ್ಟೋ ಸಲ ಇರುವುದು ನಿವೃತ್ತ ಮೇಷ್ಟರೊಬ್ಬರ ಮನೆಯಲ್ಲಿ. ಕ್ಯಾಸೆಟ್ಟಿನಿಂದ ಸಿಡಿಗೆ, ಸಿಡಿಯಿಂದ ಒಂದೇ ಒಂದು ಡಿಸ್ಕಿಗೆ ಇಳಿದ ಬೀಸುವ ಪದ, ಸೋಬಾನೆ, ಇಡೀ ರಾತ್ರಿಯ ಮಂಟೇಸ್ವಾಮಿ ಕಥೆ. ಹಾಡಿದವರಲ್ಲಿ ಹೆಚ್ಚಿನವರು ಈಗಿಲ್ಲ. ಇತ್ತ ‘ಡಿಜಿಟಲ್ ಯುಗದಲ್ಲಿ ಜಾನಪದ: ಸವಾಲುಗಳು ಮತ್ತು ಸಾಧ್ಯತೆಗಳು’ ಎಂಬಂಥ ವಿಚಾರಸಂಕಿರಣಗಳು ನಡೆಯುತ್ತಲೇ ಇರುತ್ತವೆ: ಫ್ಲೆಕ್ಸು, ಶಾಲು, ಹಣ್ಣಿನ ಬುಟ್ಟಿ, ನೆನಪಿನ ಕಾಣಿಕೆ, ವೇದಿಕೆಯ ಮೇಲೆ ಎರಡು ಸಾಲು ಗಣ್ಯರು. ಅದೇ ಮೇಷ್ಟರಿಗೂ ಒಂದು ಶಾಲು. ಆ ಶಾಲುಗಳ ದುಡ್ಡಿನಲ್ಲಿ ಎರಡನೆಯ ಡಿಸ್ಕ್ ಬರುತ್ತಿತ್ತು. ಎರಡು ದಿನ ‘ಸಂಕಥನ’ ಎಂದು ಉಚ್ಚರಿಸಿದವರಲ್ಲಿ ಒಬ್ಬರೂ, ಸಾರ್, ಅದಕ್ಕೆ ಇನ್ನೊಂದು ಕಾಪಿ ಇದೆಯೇ ಎಂದು ಕೇಳುವುದಿಲ್ಲ. ಮೇಷ್ಟರು ತೀರಿಕೊಂಡು ಮನೆ ಖಾಲಿ ಮಾಡುವಾಗ ಡಿಸ್ಕು ಹಳೆಯ ಮಿಕ್ಸಿಯ ಜೊತೆ ಗುಜರಿಗೆ ಹೋಗುತ್ತದೆ, ಕಿಲೋ ಲೆಕ್ಕದಲ್ಲಿ. ಪತ್ರಿಕೆಯಲ್ಲಿ ‘ತುಂಬಲಾರದ ನಷ್ಟ’ ಎಂಬ ಸಂತಾಪ ಬರುತ್ತದೆ. ತುಂಬಬಹುದಾಗಿತ್ತು, ಒಂದು ಡಿಸ್ಕಿನ ಬೆಲೆಗೆ, ಅವರು ಬದುಕಿದ್ದಾಗ.

ಉಳಿದದ್ದು ಉತ್ತರಾಧಿಕಾರ ಪ್ರಕರಣ. ಗೂಢಲಿಪಿಯ ಬೀಗ ಕಳ್ಳನನ್ನು ತಡೆದಷ್ಟೇ ಚೆನ್ನಾಗಿ ಹೆಂಡತಿಯನ್ನೂ ಮಕ್ಕಳನ್ನೂ ತಡೆಯುತ್ತದೆ. ಪಾಸ್‌ವರ್ಡ್ ಒಬ್ಬರ ತಲೆಯಲ್ಲಷ್ಟೇ ಇದ್ದರೆ ಮೂರು ಪ್ರತಿಯೂ ಆ ಒಬ್ಬರ ಜೊತೆಗೇ ಹೋದಂತೆ. ಯಾವ ಡಿಸ್ಕ್ ಎಲ್ಲಿದೆ, ಯಾವ ತಂತ್ರಾಂಶದಿಂದ ತೆರೆಯಬೇಕು, ಪಾಸ್‌ವರ್ಡ್ ಏನು, ತಿಳಿಯದಿದ್ದರೆ ಯಾರಿಗೆ ಫೋನ್ ಮಾಡಬೇಕು ಎಂಬುದನ್ನು ಮನೆಯವರು ಓದುವ ಭಾಷೆಯಲ್ಲಿ, ಕೈಬರಹದಲ್ಲಿ, ಒಂದು ಹಾಳೆಯ ಮೇಲೆ ಬರೆದು ಎಲ್‌ಐಸಿ ಬಾಂಡು ಇರುವ ಕಡೆ ಇಡಬೇಕು. ಪಾಸ್‌ವರ್ಡ್ ಬದಲಾಯಿಸಿದ ದಿನವೇ ಹಾಳೆಯನ್ನೂ ಬದಲಾಯಿಸಬೇಕು.