ಕುರಿ ಎಷ್ಟಿರಬೇಕು ಅಂತ ಕುರೀನ ಕೇಳಿದ್ರಾ?

ಕುಕ್ಕುವಾಡದಲ್ಲಿ ಈ ಯುಗಾದಿಗೆ ಹುಲಿ-ಕುರಿ ಆಟದ ದೊಡ್ಡ ಪಂದ್ಯಾವಳಿ ಮಾಡೋಣ ಅಂತ ನಾವು ನಾಲ್ಕು ಜನ ಹೊರಟದ್ದೇ ತಪ್ಪಾಯಿತು. ಪೆಂಡಾಲು, ಮೈಕು, ಮಂಡಕ್ಕಿ-ಮೆಣಸಿನಕಾಯಿ ಎಲ್ಲ ಒಂದೇ ಸಂಜೆಗೆ ತೀರ್ಮಾನವಾದವು. ನಿಯಮ ಮಾತ್ರ ಮೂರು ವಾರ ಕಳೆದರೂ ಬಗೆಹರಿಯಲಿಲ್ಲ. ಊರಿಗೊಂದು ಲೆಕ್ಕ, ಓಣಿಗೊಂದು ತಕರಾರು. ಆಟ ಬಲ್ಲವರನ್ನು ಕೇಳಿ ಸಾಕಾಗಿ, ಆಟವನ್ನೇ ಕೇಳಿಬಿಡೋಣ ಅಂತ ಅರಳಿಕಟ್ಟೆಯ ಹಾಸುಗಲ್ಲಿನ ಮುಂದೆ ಹೋಗಿ ಕೂತೆ. ಅದರ ಮೇಲೆ ಹುಲಿ-ಕುರಿ ಪಟ ಕೊರೆದಿದೆ. ಎಡಗಡೆ ಎರಡು ಗೆರೆ ಸವೆದು ಹೋಗಿ, ಯಾರೋ ಸೀಮೆಸುಣ್ಣದಲ್ಲಿ ತಿದ್ದಿದ್ದಾರೆ. ಸಂದಿಯಲ್ಲಿ ಒಂದು ಹುಣಸೆಬೀಜ ಸಿಕ್ಕಿಕೊಂಡಿತ್ತು, ಯಾವ ಕಾಲದಲ್ಲಿ ಸತ್ತ ಕುರಿಯೋ.

ನಾನು: ನಮಸ್ಕಾರ ಅಜ್ಜಾ.

ಕಲ್ಲು: ಮೊದಲು ಆ ಟೀ ಲೋಟ ತೆಗಿ ತಮ್ಮಾ. ಹುಲಿ ಕೂರೋ ಜಾಗ ಅದು.

ನಾನು: ಹೂಂ, ತೆಗೀತೀನಿ. 128 ಜನ ಹೆಸರು ಕೊಟ್ಟಿದಾರೆ. ಹುಲಿ ಎಷ್ಟು, ಕುರಿ ಎಷ್ಟು, ನೀವೇ ಹೇಳಿಬಿಡಿ.

ಕಲ್ಲು: ನನ್ನ ಮೈಮೇಲೆ 23 ಮನೆ ಐತೆ. 3 ಹುಲಿ, 15 ಕುರಿ. ನೇಪಾಳದಾಗೆ ನನ್ನ ದಾಯಾದಿ ಒಬ್ಬ ಇದಾನೆ, ಬಾಘ್-ಚಾಲ್ ಅಂತ. ಅವನಿಗೆ 25 ಮನೆ, 4 ಹುಲಿ, 20 ಆಡು. ಅವನದೂ ತಪ್ಪಲ್ಲ.

ನಾನು: ಒಬ್ಬನಿಗೆ 3, ಒಬ್ಬನಿಗೆ 15 ಕೊಡೋದೇ ಅನ್ಯಾಯ ಅಂತಾರೆ ನಮ್ಮ ಸಮಿತಿಯವರು. ಎರಡೂ ಕಡೆ ಸಮ ಮಾಡಿದ್ರೆ?

ಕಲ್ಲು: 9 ಹುಲಿಗೆ 9 ಕುರಿನಾ? ಹಂಗಾದ್ರೆ ಅದು ಆಟ ಅಲ್ಲ, ಬಾಡೂಟ. ಹರಿಹರಕ್ಕೆ ಹೋಗಿದ್ದೀಯಲ್ಲ, 1224ರಾಗೆ ಹೊಯ್ಸಳರ ದಂಡನಾಯಕ ಪೊಲಾಳ್ವ ಕಟ್ಟಿಸಿದ ಗುಡಿಗೆ? ಒಳಗೆ ನಿಂತೋನ ಅರ್ಧ ಮೈ ಹರಿ, ಅರ್ಧ ಮೈ ಹರ. ಆ ಕಡೆ ಚಕ್ರ ಕೊಟ್ವಿ ಅಂತ ಈ ಕಡೇನೂ ಚಕ್ರ ಕೊಟ್ರಾ? ತ್ರಿಶೂಲ ಕೊಟ್ರು. ಇಬ್ಬರೂ ಇದುವರೆಗೆ ಕೋರ್ಟಿಗೆ ಹೋಗಿಲ್ಲ.

ನಾನು: ನಮ್ಮ ಹುಡುಗರದು ಬೇರೆ ವಾದ. ಆಡೋರಿಗೆ ಪೂರ್ತಿ ಸ್ವಾತಂತ್ರ್ಯ ಕೊಡಿ ಅಂತಾರೆ. ಇಂಗ್ಲೆಂಡಿನವರ ವಾರ್‌ಹ್ಯಾಮರ್ 40,000 ಅಂತ ಒಂದು ಯುದ್ಧದಾಟ 1987ರಿಂದ ಇದೆ. ಅದರಲ್ಲಿ ಪ್ರತಿಯೊಬ್ಬನೂ ತನಗೆ ಬೇಕಾದ ಸೈನ್ಯ ಕಟ್ಟಿಕೊಂಡು ಬರ್ತಾನಂತೆ.

ಕಲ್ಲು: ಬರ್ತಾನೆ, ಸುಮ್ನೆ ಬರಾಕಿಲ್ಲ. ಅಲ್ಲೂ ತೂಕದ ಕಟ್ಟೆ ಐತೆ. ಒಂದೊಂದು ಬೊಂಬೆಗೂ ಇಷ್ಟು ಪಾಯಿಂಟು ಅಂತ ಕಟ್ಟಿರ್ತಾರೆ. ದೊಡ್ಡ ಪಂದ್ಯ ಅಂದ್ರೆ ಸಾಮಾನ್ಯವಾಗಿ 2000 ಪಾಯಿಂಟು, ಅದರೊಳಗೆ ಯಾರನ್ನ ಬೇಕಾದ್ರೂ ಕರಕೊಂಡು ಬಾ. ನಮ್ಮೂರಾಗೆ ಕಬ್ಬಿನ ಟ್ರ್ಯಾಕ್ಟರ್ ತೂಗಿದಂಗೆ. ಆದ್ರೆ ತೂಕ ಅಂತ ಬಂದ ಮೇಲೆ ಕಬ್ಬಿನ ಜೊತೆ ರವದಿ ತುರುಕೋನೂ ಬರ್ತಾನೆ. ಗುಹಾಸುರನ ಕಥೆ ಮರೆತ್ಯಾ? ಹರಿಯಿಂದ ಸಾವಿಲ್ಲ, ಹರನಿಂದ ಸಾವಿಲ್ಲ ಅಂತ ಬ್ರಹ್ಮನ ಹತ್ರ ಬರೆಸಿಕೊಂಡು ಬಂದ. ಆಗ ಸಂದಿ ಹುಡುಕಿದ್ದು ಯಾರು? ದೇವರು! ಇಬ್ಬರೂ ಸೇರಿ ಜಂಟಿ ಖಾತೆ ತೆಗೆದ್ರು, ಅಸುರ ಹೋದ. ನೀವು 40 ಪುಟದ ನಿಯಮ ಬರೀರಿ, 41ನೇ ಪುಟ ಓದಿಕೊಂಡು ಒಬ್ಬ ಬಂದೇ ಬರ್ತಾನೆ.

ನಾನು: ಹಾಗಾದ್ರೆ ನಿಯಮವೇ ಬೇಡ. ಒಬ್ಬ ಹಿರಿಯರನ್ನ ಕೂರಿಸಿ, ಅವರು ಹೇಳಿದ್ದೇ ತೀರ್ಪು ಅನ್ನೋಣವಾ?

ಕಲ್ಲು: ಪ್ರಷ್ಯಾದೋರು ಅದನ್ನೂ ಮಾಡಿ ನೋಡಿದಾರೆ. 1824ರಾಗೆ ರೈಸ್ವಿಟ್ಸ್ ಅನ್ನೋ ಅಧಿಕಾರಿ ಸೈನ್ಯಕ್ಕೆ ಕ್ರೀಗ್‌ಸ್ಪೀಲ್ ಅನ್ನೋ ಯುದ್ಧದಾಟ ಕಲಿಸಿದ. ನಕ್ಷೆ, ದಾಳ, ಕೋಷ್ಟಕ. ಗುಂಡು ಹಾರಿಸೋದಕ್ಕಿಂತ ಕೋಷ್ಟಕ ನೋಡೋದೇ ಹೊತ್ತಾಯ್ತು. 1876ರಾಗೆ ಫೆರ್ಡಿ ದು ವೆರ್ನುವಾ ಅನ್ನೋನು ಕೋಷ್ಟಕ ಮಡಿಚಿಟ್ಟು, ತೀರ್ಪುಗಾರನ ಅನುಭವಕ್ಕೇ ಬಿಡಿ ಅಂದ. ಅವರಿಗೇನಪ್ಪ, ತೀರ್ಪುಗಾರ ಅಂದ್ರೆ ಮೇಲಧಿಕಾರಿ, ಎದುರಾಡಿದ್ರೆ ಬಡ್ತಿ ಹೋಯ್ತು. ಇಲ್ಲಿ ತೀರ್ಪುಗಾರನ ಅಳಿಯ ಎರಡನೇ ಸುತ್ತಿನಾಗೆ ಆಡ್ತಿರ್ತಾನೆ.

(ಇದು ಯಾರ ಅಳಿಯನ ವಿಷಯ ಅಂತ ನನಗೆ ಗೊತ್ತು. ಬರೆಯುವುದಿಲ್ಲ.)

ನಾನು: ಬಾಘ್-ಚಾಲ್‌ನ ಕಂಪ್ಯೂಟರಿಗೆ ಹಾಕಿ ನೋಡಿದಾರಂತೆ. ಇಬ್ಬರೂ ತಪ್ಪು ಮಾಡದೆ ಆಡಿದ್ರೆ ಡ್ರಾ ಅಂತೆ.

ಕಲ್ಲು: ತಪ್ಪು ಮಾಡದೋನು ಕಟ್ಟೆಗೆ ಯಾಕೆ ಬರ್ತಾನೆ?

ನಾನು: ಮತ್ತೆ ನಾವೇನು ಮಾಡ್ಬೇಕು ಅಜ್ಜಾ?

ಕಲ್ಲು: ನಿಮ್ಮನೇಲಿ ಹೊಲ ಪಾಲಾದಾಗ ಏನು ಮಾಡಿದ್ರಿ? ಅಣ್ಣ ಪಾಲು ಹಾಕ್ದ, ತಮ್ಮ ಆರಿಸ್ಕಂಡ. ಅಷ್ಟೇ. ಕುರಿ ಎಷ್ಟು ಅಂತ ಒಬ್ಬ ಹೇಳ್ಲಿ. ಹುಲಿ ಬೇಕಾ, ಕುರಿ ಬೇಕಾ ಅಂತ ಇನ್ನೊಬ್ಬ ಆರಿಸ್ಲಿ. ಆಸೆಬುರುಕ 20 ಕುರಿ ಅಂದ್ರೆ, ಅವನ ಕೈಗೇ ಹುಲಿ ಬಂತು, ಒದ್ದಾಡ್ಲಿ. 8 ಅಂದ್ರೆ ಕುರಿ ಕಾಯ್ಲಿ. ಬಾಯಿಗೆ ಬಂದ ಸಂಖ್ಯೆ ಹೇಳೋ ಸ್ವಾತಂತ್ರ್ಯ ಅವನಿಗೆ ಪೂರ್ತಿ ಇರ್ತೈತೆ.

ನಾನು: ಹೊಸಬ ಲೆಕ್ಕ ತಪ್ಪಿ ಹೇಳಿದ್ರೆ ಕೆಟ್ಟನಲ್ಲ?

ಕಲ್ಲು: ಅದಕ್ಕೇ ಟಾಸ್ ಹಾಕಬೇಡ ಅನ್ನೋದು. ಹೆಚ್ಚು ಆಡಿ ಪಳಗಿದೋನೇ ಅಣ್ಣ, ಪಾಲು ಅವನೇ ಹಾಕ್ಲಿ. ಇನ್ನೊಂದು ಮಾತ್ರ ನೀವು ಗಟ್ಟಿ ಮಾಡ್ಬೇಕು, ಹೊತ್ತು. ಕುರಿ ಹಿಡಿದೋನು ಕೋಟೆ ಕಟ್ಟಿಕೊಂಡ ಮೇಲೆ ಒಂದೇ ಕುರೀನ ಹಿಂದೆ ಮುಂದೆ, ಹಿಂದೆ ಮುಂದೆ ಮಾಡ್ತಾ ಕೂತ್ಕತಾನೆ. ನಾಕೌಟ್ ಅಂದ್ರೆ 128 ಜನಕ್ಕೆ 7 ಸುತ್ತು. ಒಂದು ಪಟ ನಿಂತ್ರೆ ಮುಂದಿನ ಸುತ್ತೇ ನಿಲ್ತೈತೆ. ಭದ್ರಾ ನಾಲೆಯಾಗೆ ಮೇಲಿನೋರು ತೂಬು ಮುಚ್ಚದೆ ಕೂತ್ರೆ ಕೊನೆ ಭಾಗದ ಗದ್ದೆ ಏನಾಗ್ತೈತೆ ಅಂತ ನಿನಗೆ ನಾನು ಹೇಳ್ಬೇಕಾ?

ನಾನು: ಕೊನೇ ಪ್ರಶ್ನೆ. ಮೈಸೂರಿನಲ್ಲಿ ರಾಮ್‌ಸನ್ಸ್ ಕಲಾ ಪ್ರತಿಷ್ಠಾನದವರು ‘ಕ್ರೀಡಾ ಕೌಶಲ್ಯ’ ಅಂತ ಹಳೇ ಆಟಗಳ ಪ್ರದರ್ಶನ ಮಾಡ್ತಾರೆ. ಮರದ ಪಟ, ಬಟ್ಟೆ ಪಟ ನೋಡೋಕೆ ಎರಡು ಕಣ್ಣು ಸಾಲದು. ನಿಮಗೂ ಅಲ್ಲಿಗೆ ಹೋಗೋ ಆಸೆ ಇದೆಯಾ?

ಕಲ್ಲು: ಅಲ್ಲಿ ನನ್ನ ಮೇಲೆ ಕೂತ್ಕಂಡು ಜಗಳ ಆಡಾಕೆ ಬಿಡ್ತಾರಾ?

ಅಷ್ಟರಲ್ಲಿ ಕಬ್ಬಿನ ಟ್ರ್ಯಾಕ್ಟರ್ ನಿಲ್ಲಿಸಿ ಇಬ್ಬರು ಡ್ರೈವರ್‌ಗಳು ಕಟ್ಟೆ ಹತ್ತಿದರು. ಒಬ್ಬ ಜೇಬಿನಿಂದ ಹುಣಸೆಬೀಜ ಸುರಿದ, ಇನ್ನೊಬ್ಬ ಮೂರು ಸೋಡಾ ಮುಚ್ಚಳ ತೆಗೆದ.

“15 ಜಾಸ್ತಿ ಆಯ್ತಣ್ಣ. ಮೊನ್ನೆ ಹುಲಿ ಅಲ್ಲಾಡಾಕೆ ಆಗಲಿಲ್ಲ.”

“ಸರಿ, 13 ಇಟ್ಕ.”

“ನೀನು 13 ಅಂದ್ಯಲ್ಲ, ಹಂಗಾರೆ ನೀನೇ ಕುರಿ ಹಿಡಿ.”

ಅವನು ಒಂದು ಗಳಿಗೆ ಪಟ ನೋಡಿದ, ತಲೆ ಕೆರೆದುಕೊಂಡ. “14,” ಅಂದ. ಆಮೇಲೆ ನನ್ನ ಕಡೆ ತಿರುಗಿ, “ಅಣ್ಣಾ, ಆ ಲೋಟ ಒಂಚೂರು ತೆಗೀತೀರಾ?”