ಮಂಡಳಿ ಜೋಡಿಸುವ, ಬಿಚ್ಚುವ, ಮಾರುವ ಕೈಪಿಡಿ

ಈ ಕೈಪಿಡಿ ಸರ್ಕಾರಗಳ ಬಳಕೆಗೆ ಮಾತ್ರ. ಸಾರ್ವಜನಿಕರು ಮೀಟರ್ ನೋಡಿಕೊಂಡಿದ್ದರೆ ಸಾಕು.

ಜೋಡಣೆ: ಮೊದಲಿಗೆ ಒಂದು ಕಾಯ್ದೆ ಬೇಕು. ವಿದ್ಯುತ್ತಿಗೆ 1948ರದ್ದು ಸಿದ್ಧವಿತ್ತು. ಅದರಡಿ 1957ರಲ್ಲಿ ಮೈಸೂರು ರಾಜ್ಯಕ್ಕೊಂದು ವಿದ್ಯುತ್ ಮಂಡಳಿ ಬಂತು. ಮುಂದೆ ಅದೇ ಕರ್ನಾಟಕ ವಿದ್ಯುತ್ ಮಂಡಳಿ, ಜನರ ಬಾಯಲ್ಲಿ ಕೆಇಬಿ. ಮಂಡಳಿಗೆ ಸ್ವಾಯತ್ತತೆ ಧಾರಾಳವಾಗಿ ಕೊಡಿ. ನಷ್ಟವಾದರೆ ಅದು ಮಂಡಳಿಯದು, ದರ ಇಳಿದರೆ ಅದು ಸರ್ಕಾರದ ಕೊಡುಗೆ ಎನ್ನಲು ಬರುವಷ್ಟು.

ಬಿಚ್ಚುವುದು: ಸಾಲ ಕುತ್ತಿಗೆಗೆ ಬಂದಾಗ ಸಾಲಕ್ಕೆ ಕೈಹಾಕಬೇಡಿ, ಹೆಸರಿಗೆ ಕೈಹಾಕಿ. ಉತ್ಪಾದನೆಗೆ 1970ರಲ್ಲೇ ಬೇರೆ ನಿಗಮವಾಗಿತ್ತು. 1999ರಲ್ಲಿ ಕೆಇಬಿ ಹೋಗಿ ವಿದ್ಯುತ್ ಪ್ರಸರಣ ನಿಗಮ, ಅಂದರೆ ಕೆಪಿಟಿಸಿಎಲ್ ಬಂತು. 2002ರಲ್ಲಿ ಅದರಿಂದ ವಿತರಣೆ ಬಿಡಿಸಿ ಬೆಂಗಳೂರು, ಮಂಗಳೂರು, ಹುಬ್ಬಳ್ಳಿ, ಕಲಬುರಗಿಗೆ ಒಂದೊಂದು ಕಂಪನಿ. 2005ರಲ್ಲಿ ಮಂಗಳೂರಿನ ಪಾಲನ್ನು ಸೀಳಿ ಮೈಸೂರಿಗೂ ಒಂದು. ಪ್ರತಿ ಕಂಪನಿಗೂ ಎಂ.ಡಿ., ಲಾಂಛನ, ಲೆಟರ್‌ಹೆಡ್ ಕಡ್ಡಾಯ. ಲೈನ್‌ಮನ್‌ನನ್ನು ಬದಲಿಸುವ ಅಗತ್ಯವಿಲ್ಲ. ಅವನೂ ಅವನ ಏಣಿಯೂ ಹಳೆಯವೇ ಆಗಬಹುದು. ಕರೆಂಟ್ ಹೋದಾಗ ಮನೆಯವರು ಇವತ್ತಿಗೂ “ಕೆಇಬಿಗೆ ಫೋನ್ ಮಾಡು” ಅನ್ನುತ್ತಾರೆ, ತಿದ್ದಲು ಹೋಗಬೇಡಿ.

ಜೊತೆಗೆ ಬರುವ ಬಿಡಿಭಾಗ: ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ. ಇದು ನಿಜಕ್ಕೂ ಕೆಲಸ ಮಾಡುವ ಭಾಗವೆಂದು ಒಪ್ಪಲೇಬೇಕು. ದರ ಏರಿಸುವ ಮುನ್ನ ಕಂಪನಿ ತನ್ನ ಲೆಕ್ಕವನ್ನು ಜನರೆದುರು ಬಿಚ್ಚಿಡಬೇಕು. ರೈತರೂ ಕಾರ್ಖಾನೆಯವರೂ ಎದ್ದುನಿಂತು ತಕರಾರು ಹೇಳಬಹುದು. ಗಾಬರಿ ಬೇಡ, ಬಚ್ಚಿಟ್ಟುಕೊಂಡ ಕೀಲಿ ನಿಮ್ಮಲ್ಲೇ ಇದೆ. 2008ರಲ್ಲಿ 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಉಚಿತ ವಿದ್ಯುತ್ ಘೋಷಿಸಿದ್ದು ಆಯೋಗವಲ್ಲ, ಸರ್ಕಾರ. ಇಂಥ ಘೋಷಣೆಯ ಸಹಾಯಧನವನ್ನು ಕಂಪನಿಗೆ ಮುಂಗಡವಾಗಿ ಕೊಡಬೇಕೆಂದು 2003ರ ವಿದ್ಯುತ್ ಕಾಯ್ದೆಯ 65ನೇ ಕಲಮು ಹೇಳುತ್ತದೆ. ಕಲಮನ್ನು ಓದಿದ್ದೀರಿ ಎಂದು ಸಹಿ ಮಾಡಿ.

ಮಾರುವುದು: ಒಡಿಶಾ ನೋಡಿ ಕಲಿಯಿರಿ. 1996ರಲ್ಲಿ ಮಂಡಳಿ ಬಿಚ್ಚಿದರು, 1999ರಲ್ಲಿ ನಾಲ್ಕು ವಿತರಣಾ ಕಂಪನಿಗಳನ್ನು ಖಾಸಗಿಯವರಿಗೆ ಕೊಟ್ಟರು. ಅದೇ ವರ್ಷದ ಅಕ್ಟೋಬರಿನಲ್ಲಿ ಮಹಾ ಚಂಡಮಾರುತ. ಕೊಂಡವರಲ್ಲಿ ಅಮೆರಿಕದ ಎಇಎಸ್ 2001ರಲ್ಲಿ ತನ್ನ ಪಾಲಿನ ಒಂದು ಕಂಪನಿಯನ್ನು ಕೈಬಿಟ್ಟು ನಡೆಯಿತು. ಉಳಿದ ಮೂರರ ಪರವಾನಗಿ 2015ರಲ್ಲಿ ರದ್ದಾಯಿತು. 2020-21ರಲ್ಲಿ ನಾಲ್ಕರ ಬಹುಪಾಲು ಷೇರು ಟಾಟಾ ಪವರ್‌ಗೆ. ಅಂದರೆ ಮಾರಿದ ಸರಕು ವಾಪಸ್ ಬಂದರೆ ಮತ್ತೆ ಮಾರಬಹುದು, ರಸೀದಿ ಇಟ್ಟುಕೊಳ್ಳಿ.

ಅನ್ವಯವಾಗದ ಸ್ಥಳ: ಬೆಳಗಾವಿ ಜಿಲ್ಲೆಯ ಹುಕ್ಕೇರಿ. ಅಲ್ಲಿ ದಶಕಗಳಿಂದ ಕರೆಂಟ್ ಹಂಚುತ್ತಿರುವುದು ಗ್ರಾಮೀಣ ವಿದ್ಯುತ್ ಸಹಕಾರ ಸಂಘ.