ಫ್ರಾಯ್ಡ್‌ಗೆ ಯಾರಿದ್ದರು ಸೂಪರ್‌ವೈಸರ್?

ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಮಕ್ಕಳನ್ನು ಕಾಯಲು ಕೊಠಡಿ ಮೇಲ್ವಿಚಾರಕರು, ಅವರನ್ನು ಕಾಯಲು ಸ್ಕ್ವಾಡು, ಎಲ್ಲರನ್ನೂ ಕಾಯಲು 2024ರಿಂದ ವೆಬ್‌ಕಾಸ್ಟಿಂಗ್ ಕ್ಯಾಮೆರಾ. ಬೆಂಗಳೂರಿನಲ್ಲಿ ಒಬ್ಬ ಮೋರಿ ಅಗೆದರೆ ನಾಲ್ವರು ದಡದಲ್ಲಿ ನಿಂತು ಸೊಂಟದ ಮೇಲೆ ಕೈಯಿಟ್ಟು ಉಸ್ತುವಾರಿ ನೋಡುತ್ತಾರೆ. ಇಷ್ಟೊಂದು ಮೇಲ್ವಿಚಾರಣೆಯ ನಾಡಿನಲ್ಲಿ ಯಾರ ಕಣ್ಣೂ ಬೀಳದ ಒಂದು ಕೋಣೆ ಉಳಿದುಕೊಂಡಿದೆ. ಎರಡು ಕುರ್ಚಿ, ಒಂದು ಟಿಶ್ಯೂ ಡಬ್ಬಿ, ಒಂದು ಮನಿ ಪ್ಲಾಂಟು. ಗೋಡೆಯ ಮೇಲೆ ಲ್ಯಾಮಿನೇಟ್ ಮಾಡಿಸಿದ ಸರ್ಟಿಫಿಕೇಟು. ಒಳಗೆ ನಮ್ಮ ಆಪ್ತಸಮಾಲೋಚಕರು.

ಈ ವೃತ್ತಿಯಲ್ಲಿ ಸೂಪರ್‌ವಿಷನ್ ಎಂಬ ಪದ್ಧತಿಯಿದೆ. ಪರರ ಸಂಕಟ ಕೇಳುವವರು ತಮ್ಮ ಕೇಸುಗಳನ್ನು, ಕ್ಲೈಂಟಿನ ಹೆಸರು ಊರು ಮರೆಸಿ, ನಿಯಮಿತವಾಗಿ ಒಬ್ಬ ಅನುಭವಿಯ ಮುಂದೆ ಬಿಚ್ಚಿಡಬೇಕು. ಬೈಸಿಕೊಳ್ಳುವುದಕ್ಕಲ್ಲ, ತಮ್ಮ ಕಣ್ಣಿಗೆ ಕಾಣದ್ದನ್ನು ಕಾಣುವುದಕ್ಕೆ. ಈತ ಬಂದಾಗ ಮಾತ್ರ ನನಗೇಕೆ ಆಕಳಿಕೆ? ಆಕೆಗೆ ಮಾತ್ರ ಹದಿನೈದು ನಿಮಿಷ ಏಕೆ ಹೆಚ್ಚು ಕೊಡುತ್ತೇನೆ? ಅವಳ ಗಂಡನ ಮೇಲೆ ಅವಳಿಗಿಲ್ಲದ ಸಿಟ್ಟು ನನಗೇಕೆ? ಅಮೆರಿಕದ ಹೆರಾಲ್ಡ್ ಸರ್ಲ್ಸ್ 1955ರಲ್ಲೇ ಒಂದು ವಿಚಿತ್ರವನ್ನು ಗುರುತಿಸಿದ್ದರು. ಕ್ಲೈಂಟು ಚಿಕಿತ್ಸಕನ ಮುಂದೆ ಹೇಗೆ ಮಾತು ನುಂಗುತ್ತಾನೋ, ಚಿಕಿತ್ಸಕ ತನ್ನ ಸೂಪರ್‌ವೈಸರ್ ಮುಂದೆ ಹಾಗೆಯೇ ಮಾತು ನುಂಗುತ್ತಾನಂತೆ, ಅವನಿಗೇ ಗೊತ್ತಾಗದಂತೆ. ಹಿಡಿಯುವ ಮೂರನೆಯವರೇ ಇಲ್ಲದಿದ್ದರೆ ನುಂಗಿದ್ದು ನುಂಗಿದಲ್ಲೇ ಉಳಿಯುತ್ತದೆ.

‘ಸರ್, ನೀವು ಸೂಪರ್‌ವಿಷನ್ ತಗೊಳ್ತೀರಾ?’ ಎಂದು ಕೇಳಿ ನೋಡಿ. ಮೊದಲ ಉತ್ತರ: ‘ನನಗೆ ಇಪ್ಪತ್ತು ವರ್ಷದ ಅನುಭವ ಇದೆ.’ ಎರಡನೆಯದು ಇನ್ನೂ ಗಂಭೀರ: ‘ಕ್ಲೈಂಟಿನ ಗುಟ್ಟು ನನ್ನ ಜೊತೆ ಚಿತೆಗೇ ಹೋಗುತ್ತೆ.’ ಹೋಗುತ್ತದೆ, ದಾರಿಯಲ್ಲಿ ಒಂದೆರಡು ಛತ್ರಗಳಲ್ಲಿ ತಂಗಿ. ‘ಹೆಸರು ಹೇಳಲ್ಲ, ಎಥಿಕ್ಸ್. ಆದರೆ ಗಂಡ ಬ್ಯಾಂಕಿನಲ್ಲಿ ಮ್ಯಾನೇಜರು, ಮನೆ ಆಂಜನೇಯನ ಗುಡಿಯ ಹಿಂದೆ, ಮಗಳು ಭರತನಾಟ್ಯ ಕಲಿಯುತ್ತಾಳೆ’ ಎನ್ನುವಷ್ಟರಲ್ಲಿ ಇಡೀ ಪಂಕ್ತಿಗೆ ಹೆಸರು ಗೊತ್ತಾಗಿ, ಎರಡನೇ ಸಲ ಸಾರು ಬಂದಿರುತ್ತದೆ.

ಮೂರನೆಯ ಉತ್ತರ ಬ್ರಹ್ಮಾಸ್ತ್ರ: ‘ಫ್ರಾಯ್ಡ್‌ಗೆ ಯಾರಿದ್ದರು ಸೂಪರ್‌ವೈಸರ್?’

ಇದ್ದರು. ಬರ್ಲಿನ್ನಿನ ವಿಲ್ಹೆಲ್ಮ್ ಫ್ಲೀಸ್ ಎಂಬ ಆಪ್ತಮಿತ್ರ. ವೃತ್ತಿಯಿಂದ ಕಿವಿ-ಮೂಗು-ಗಂಟಲು ವೈದ್ಯ. ಮನುಷ್ಯನ ನರದೌರ್ಬಲ್ಯಕ್ಕೂ ಕಾಮಕ್ಕೂ ಮೂಗೇ ಬೀಗದಕೈ ಎಂಬುದು ಆ ಮಹಾಶಯನ ಸಿದ್ಧಾಂತ. ಫ್ರಾಯ್ಡ್ ತನ್ನ ಕೇಸುಗಳನ್ನೆಲ್ಲ ಬರೆದು ಕಳಿಸುತ್ತಿದ್ದದ್ದು ಈತನಿಗೇ. 1895ರಲ್ಲಿ ಎಮ್ಮಾ ಎಕ್‌ಸ್ಟೈನ್ ಎಂಬ ರೋಗಿಯ ಮೂಗನ್ನು ಫ್ಲೀಸ್ ವಿಯೆನ್ನಾಕ್ಕೆ ಬಂದು ಕೊಯ್ದು ಹೊರಟುಹೋದರು. ಆಕೆಗೆ ನೋವು ಇಳಿಯಲಿಲ್ಲ, ದುರ್ವಾಸನೆ ಬೇರೆ. ಇನ್ನೊಬ್ಬ ವೈದ್ಯರು ಪರೀಕ್ಷಿಸುತ್ತ ದಾರದಂಥದ್ದನ್ನು ಎಳೆದರೆ ಅರ್ಧ ಮೀಟರ್ ಗಾಜ್ ಬಟ್ಟೆ (ಬ್ಯಾಂಡೇಜು) ಹೊರಬಂತು, ಫ್ಲೀಸ್ ಒಳಗೇ ಮರೆತದ್ದು. ರಕ್ತ ಧಾರೆಯಾಗಿ ಹರಿದು ಆಕೆ ಸಾವಿನ ಬಾಗಿಲಿಗೆ ಹೋಗಿ ಬಂದಳು. ಪಕ್ಕದಲ್ಲಿದ್ದ ಫ್ರಾಯ್ಡ್‌ಗೆ ತಲೆ ಸುತ್ತಿ ಕೋನ್ಯಾಕ್ ಕುಡಿಸಬೇಕಾಯಿತು. ಮರುವರ್ಷ ಅವರು ಗೆಳೆಯನಿಗೆ ಬರೆದ ತೀರ್ಮಾನ: ಆಕೆಯ ರಕ್ತಸ್ರಾವ ಹಿಸ್ಟೀರಿಯಾದ್ದು, ಹಂಬಲದಿಂದ ಆದದ್ದು. ಬಟ್ಟೆ ಮರೆತವನಿಗೆ ಕ್ಲೀನ್ ಚಿಟ್, ರೋಗ ರೋಗಿಯದ್ದೇ. ಗೆಳೆಯನನ್ನೇ ಸೂಪರ್‌ವೈಸರ್ ಮಾಡಿಕೊಂಡರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ದಾಖಲೆ ಬೇಕೆ? ಫ್ರಾಯ್ಡ್‌ನ ಶಿಷ್ಯರು ಬೇರೆ ದಾರಿ ಹಿಡಿದರು. 1920ರಲ್ಲಿ ಬರ್ಲಿನ್ನಿನಲ್ಲಿ ತೆರೆದ ಪಾಲಿಕ್ಲಿನಿಕ್ಕಿನಲ್ಲಿ ಮ್ಯಾಕ್ಸ್ ಐಟಿಂಗನ್ ಬಳಗ ಸೂಪರ್‌ವಿಷನ್ನನ್ನು ತರಬೇತಿಯ ಕಡ್ಡಾಯ ಭಾಗವಾಗಿಸಿತು. ನಮ್ಮವರು ಫ್ರಾಯ್ಡ್‌ನ 1895ನ್ನೇ ಹಿಡಿದುಕೊಂಡಿದ್ದಾರೆ.

ಉಸ್ತುವಾರಿಯೇ ಇಲ್ಲ ಎಂದರೆ ಅನ್ಯಾಯವಾದೀತು. ಶಾಲೆಯ ಕೌನ್ಸೆಲರ್‌ಗೆ ಪ್ರಿನ್ಸಿಪಾಲರಿದ್ದಾರೆ. ‘ಆ ಹುಡುಗಿ ಏನು ಹೇಳಿದಳು? ನಮ್ಮ ಸ್ಕೂಲಿನ ಬಗ್ಗೆ ಏನಾದರೂ?’ ಎಂಬುದು ಅವರ ಕ್ಲಿನಿಕಲ್ ಕುತೂಹಲ. ಆ್ಯಪಿನ ಥೆರಪಿಸ್ಟಿಗೆ ಸ್ಟಾರುಗಳಿವೆ. ಕ್ಲೈಂಟಿಗೆ ಹಿತವಾದ ಸುಳ್ಳು ಹೇಳಿದರೆ ಐದು, ಕಹಿಯಾದ ನಿಜ ಹೇಳಿದರೆ ಎರಡು. ವೀಕೆಂಡ್ ಕೋರ್ಸಿನವರಿಗೆ ವಾಟ್ಸಾಪ್ ಗ್ರೂಪು: ‘ಆತ್ಮಹತ್ಯೆ ಬಗ್ಗೆ ಮಾತಾಡುತ್ತಿರುವ ಕ್ಲೈಂಟ್, ಸಲಹೆ ಕೊಡಿ’ ಎಂಬ ಸಂದೇಶದ ಕೆಳಗೆ ಮೂರು ನಮಸ್ಕಾರ, ಒಂದು ಗುಲಾಬಿ, ಯಾರದೋ ಹುಟ್ಟುಹಬ್ಬದ ಶುಭಾಶಯ.

ಕಾನೂನಿನ ಕತೆ ಚಿಕ್ಕದು. ಕ್ಲಿನಿಕಲ್ ಸೈಕಾಲಜಿಸ್ಟುಗಳಿಗೆ 1992ರ ಪುನರ್ವಸತಿ ಪರಿಷತ್ತಿನ ಕಾಯ್ದೆಯಡಿ ನೋಂದಣಿಯಿದೆ. ನಿಮ್ಹಾನ್ಸ್‌ನಂಥ ಕಡೆ ಎರಡು ವರ್ಷ ಎಂ.ಫಿಲ್. ಮಾಡಿದವರು ಹಿರಿಯರೆದುರು ಕೇಸು ಮಂಡಿಸಿ ಬೆವರಿಯೇ ಬಂದಿರುತ್ತಾರೆ. ಆದರೆ 2017ರ ಮಾನಸಿಕ ಆರೋಗ್ಯ ಕಾಯ್ದೆಯ ವೃತ್ತಿಪರರ ವ್ಯಾಖ್ಯೆಯಲ್ಲಿ ಕೌನ್ಸೆಲರಿಗೆ ಜಾಗವೇ ಸಿಗಲಿಲ್ಲ. 2021ರ ಸಹವರ್ತಿ ಆರೋಗ್ಯ ವೃತ್ತಿಗಳ ಕಾಯ್ದೆ ಅವರನ್ನು ಪಟ್ಟಿಗೆ ಸೇರಿಸಿತು, ಆ ಸುದ್ದಿ ಬೋರ್ಡು ಬರೆಯುವವನ ಅಂಗಡಿಗೆ ಇನ್ನೂ ಮುಟ್ಟಿಲ್ಲ. ಬ್ರಿಟನ್ನಿನಲ್ಲೂ ಕೌನ್ಸೆಲರ್ ಎಂಬ ಬೋರ್ಡಿಗೆ ಕಾನೂನಿನ ತಡೆಯಿಲ್ಲ. ಆದರೂ ಅಲ್ಲಿನ ಬಿಎಸಿಪಿ ಎಂಬ ವೃತ್ತಿಸಂಘ, ಕ್ಲೈಂಟುಗಳನ್ನು ನೋಡುವ ತನ್ನ ಪ್ರತಿ ಸದಸ್ಯನಿಗೂ ನಿಯಮಿತ ಸೂಪರ್‌ವಿಷನ್ ಕಡ್ಡಾಯ ಮಾಡಿದೆ. ಮೂವತ್ತು ವರ್ಷದ ಅನುಭವಿಗೂ ರಿಯಾಯಿತಿಯಿಲ್ಲ.

‘ಇರುವವರೇ ಸಾಲದು, ಸೂಪರ್‌ವೈಸರ್ ಎಲ್ಲಿಂದ ತರೋಣ?’ ಎನ್ನುತ್ತಾರೆ. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಕಾಯಿಲೆಯನ್ನು ಅವಲಂಬಿಸಿ, ಶೇಕಡಾ 70ರಿಂದ 92ರಷ್ಟು ಮನೋರೋಗಿಗಳಿಗೆ ಚಿಕಿತ್ಸೆಯೇ ಸಿಗುತ್ತಿರಲಿಲ್ಲ. ಕೊರತೆ ನಿಜ. ಬಸ್ಸು ಸಾಲದೆಂದು ಬ್ರೇಕು ತೆಗೆಸುತ್ತೀರಾ? ಕಿಸೆಯಿಂದ ದುಡ್ಡು ಕೊಟ್ಟು ಸೂಪರ್‌ವಿಷನ್ ಪಡೆಯುವ ಎಳೆಯ ಕೌನ್ಸೆಲರುಗಳು ನಮ್ಮಲ್ಲೂ ಇದ್ದಾರೆ. ಆ ಖರ್ಚನ್ನು ಹೊರಬೇಕಾದ್ದು ಅವರನ್ನು ದುಡಿಸಿಕೊಳ್ಳುವ ಶಾಲೆ, ಆ್ಯಪು, ಕಂಪನಿಗಳು. ಅವು ಬಜೆಟ್ಟನ್ನೆಲ್ಲ ವೆಲ್‌ನೆಸ್ ಡೇಯ ಬಲೂನಿಗೆ ಸುರಿದು ಕೂತಿವೆ.

ಹಾಗಾಗಿ ನೀವೇ ಕೇಳಬೇಕು, ಮೊದಲ ದಿನವೇ: ‘ಸೂಪರ್‌ವಿಷನ್ ತಗೊಳ್ತೀರಾ, ತಿಂಗಳಿಗೆ ಎಷ್ಟು ಸಲ?’ ಸಂಕೋಚ ಬೇಡ, ಫೀಸೂ ನಿಮ್ಮದು, ಮನಸ್ಸೂ ನಿಮ್ಮದು. ತಡವರಿಸದೆ ಉತ್ತರಿಸಿದರೆ ಕೂತುಕೊಳ್ಳಿ. ‘ಅನುಭವವೇ ನನ್ನ ಗುರು’ ಎಂದರೆ, ಚಪ್ಪಲಿ ಬಾಗಿಲ ಹೊರಗೇ ಇರುತ್ತದೆ.